ದುರ್ಗದ ನೀರಿಗೆ ಯಜಮಾನರು ಎಷ್ಟು?

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆ ಮೇಲೆ ಒಂದು ಪುಟ್ಟ ಪ್ರಾಕೃತ ಶಾಸನವಿದೆ. ನಾಲ್ಕನೇ ಶತಮಾನದ್ದು. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಎಂಬುದು ಅದರ ಮೊದಲ ಸಂಗತಿ. ಪಲ್ಲವರು, ಆಭೀರರು, ಪುನ್ನಾಟದವರ ಮೇಲಿನ ಗೆಲುವಿನ ಪಟ್ಟಿ ಬರುವುದು ಆಮೇಲೆ. ಈ ಸೀಮೆಯಲ್ಲಿ ರಾಜನಾದವನು ಏನನ್ನು ಮೊದಲು ಹೇಳಿಕೊಳ್ಳಬೇಕಿತ್ತು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ನಾಯಕರ ಕಾಲದ ಕೋಟೆಯೂ ಇದೇ ಲೆಕ್ಕದಲ್ಲಿ ಬೆಳೆಯಿತು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತಿತ್ತು. ಅದು ತುಂಬಿ ಹರಿದರೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಇಳಿಯುತ್ತಾ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ. ಏತವಿಲ್ಲ, ಪಂಪಿಲ್ಲ, ಇಳಿಜಾರೇ ಸಾಕು. ಓಬವ್ವ ಕಿಂಡಿಯ ಕಡೆ ಹೋದದ್ದೂ ಊಟಕ್ಕೆ ಕೂತ ಗಂಡನಿಗೆ ನೀರು ತರಲು ಅನ್ನುತ್ತಾರಲ್ಲ! 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಹೊಂಡಗಳು ಹಾಗೇ ಉಳಿದವು.

ನೀರಿನ ದಿಕ್ಕು ಬದಲಾದದ್ದು ಅದಾದ ಬಹಳ ವರ್ಷಗಳ ಮೇಲೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿಯಿತು. ಕಟ್ಟಿದ್ದು ಬೇಸಾಯಕ್ಕೆ. ಮುಂದೆ ದುರ್ಗದ ನಲ್ಲಿಗಳಿಗೂ ಅದೇ ಆಧಾರವಾಯಿತು; ಜೊತೆಗೆ ಪಕ್ಕದ ದಾವಣಗೆರೆ ಜಿಲ್ಲೆಯ ಸೂಳೆಕೆರೆ. ಆದರೆ 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವೆ 89 ವರ್ಷ. ಇಂಥದ್ದನ್ನು ನೆಚ್ಚಿಕೊಂಡ ಊರು ತನ್ನ ತಲೆ ಮೇಲೆ ಬೀಳುವ ಮಳೆಯನ್ನು ಜೋಪಾನ ಮಾಡಬೇಕಿತ್ತು. ಆಗಿದ್ದು ಉಲ್ಟಾ. ನಲ್ಲಿ ಬಂದ ಮೇಲೆ ಹೊಂಡದ ಹೂಳು ಯಾರಿಗೆ ಬೇಕು?

ಇದನ್ನು ಜನರ ಉದಾಸೀನ ಅಂದುಬಿಡುವುದು ಸುಲಭ. ನನಗೆ ಅದರಷ್ಟೇ ದೊಡ್ಡದಾಗಿ ಕಾಣುವುದು ಆಡಳಿತ ಚೂರುಚೂರಾದ ಬಗೆ. ಊರಿನ ದಿನದಿನದ ಕೆಲಸ 1964ರ ಪುರಸಭೆಗಳ ಕಾಯ್ದೆಯಡಿ ನಗರಸಭೆಯದು. ದೊಡ್ಡ ನೀರಿನ ಯೋಜನೆ, ಒಳಚರಂಡಿ ಕಾಮಗಾರಿಗಳು 1970ರ ದಶಕದಲ್ಲಿ ಹುಟ್ಟಿದ ರಾಜ್ಯಮಟ್ಟದ ಮಂಡಳಿಯ ಪಾಲಾದವು. ಹೊಸ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು 1987ರ ಕಾಯ್ದೆಯಡಿಯ ನಗರಾಭಿವೃದ್ಧಿ ಪ್ರಾಧಿಕಾರ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯದು. ಹೀಗಾಗಿ ಒಂದೇ ಮಳೆಹನಿ ಬೆಟ್ಟದಿಂದ ಚರಂಡಿಗೆ ಇಳಿಯುವಷ್ಟರಲ್ಲಿ ಮೂರ್ನಾಲ್ಕು ಕಚೇರಿಗಳ ಗಡಿ ದಾಟುತ್ತದೆ.

ಇದನ್ನು ಒಂದುಗೂಡಿಸುವ ಅವಕಾಶ 1993ರಲ್ಲಿ ಬಂದಿತ್ತು. ಸಂವಿಧಾನದ 74ನೇ ತಿದ್ದುಪಡಿ ಜಾರಿಯಾಗಿ, ಹನ್ನೆರಡನೇ ಪರಿಚ್ಛೇದದಲ್ಲಿ ನಗರಾಡಳಿತಕ್ಕೆ ಸೇರಬಹುದಾದ 18 ವಿಷಯಗಳು ಪಟ್ಟಿಯಾದವು. ನಗರ ಯೋಜನೆ, ನೀರು ಪೂರೈಕೆ, ನೈರ್ಮಲ್ಯ, ಪರಿಸರ ರಕ್ಷಣೆ ಎಲ್ಲವೂ ಅದರಲ್ಲಿವೆ. ತೊಡಕಿರುವುದು ಒಂದು ಕ್ರಿಯಾಪದದಲ್ಲಿ: ರಾಜ್ಯ ಇವನ್ನು ‘ವಹಿಸಬಹುದು’ ಎಂದಿದೆಯೇ ಹೊರತು ‘ವಹಿಸತಕ್ಕದ್ದು’ ಎಂದಿಲ್ಲ. ಆಯ್ಕೆಯಾದ ಸದಸ್ಯರು ವಾರ್ಡಿನ ಬೀದಿದೀಪ, ಚರಂಡಿಗೆ ಉತ್ತರ ಕೊಡುತ್ತಾರೆ. ಬಡಾವಣೆಯ ನೀರು ಎತ್ತ ಹರಿಯಬೇಕೆಂಬ ತೀರ್ಮಾನ ಬೇರೆ ಮೇಜಿನ ಮೇಲೆ ಆಗುತ್ತದೆ.

‘ಸುಸ್ಥಿರತೆ’ ಎಂಬ ಪದ ಸಭೆಗಳಲ್ಲಿ ಎಷ್ಟೇ ಸವೆದಿರಲಿ, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ದುರ್ಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಆಗಸ್ಟ್ ಆರಂಭದಲ್ಲಿ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ಅಧಿಕಾರಿಗಳ ಅಮಾನತೂ ಆಯಿತು. ಬರದ ನಾಡಿಗೆ ಭದ್ರಾ ನೀರು ತರುವ ಯೋಜನೆಗೆ ಅದೇ ವರ್ಷದ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತ್ತು. ನೂರಾರು ಕಿಲೋಮೀಟರಿನ ಕಾಲುವೆಗೆ ನಕ್ಷೆ ಇರುತ್ತದೆ, ಎಂಜಿನಿಯರುಗಳಿರುತ್ತಾರೆ, ಹೋರಾಟ ಸಮಿತಿಗಳೂ ಇರುತ್ತವೆ. ಹಟ್ಟಿಯ ಕೊನೇ ನಲ್ಲಿಯ ಹಿಂದೆ ಇರುವುದು ಬಹಳ ಸಲ ಒಬ್ಬ ವಾಟರ್‌ಮನ್ ಮಾತ್ರ.

ಜೋರು ಮಳೆಯಾದ ವರ್ಷ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ದುರ್ಗದ ಜನ ಈಗಲೂ ಕೋಟೆ ಹತ್ತಿ ನೋಡಿ ಬರುತ್ತಾರೆ.