‘ಅಡ್ಡಿಲ್ಲೆ’ ಅಂದರೂ ಆಸ್ಪತ್ರೆಗೆ ಹೊರಡಿ

ಶಿರಸಿ ಕಡೆ ‘ಈಗ ಹೇಗಿದೆ?’ ಅಂತ ಕೇಳಿದರೆ ‘ಅಡ್ಡಿಲ್ಲೆ’ ಅನ್ನುತ್ತಾರೆ, ಅಂದರೆ ‘ಪರವಾಗಿಲ್ಲ’. ಕೇಳಲು ಹಿತವಾದ ಮಾತು. ಆದರೆ ಅರೆತಲೆನೋವಿನ (ಮೈಗ್ರೇನ್) ಮಾತ್ರೆ ಜಾಸ್ತಿ ನುಂಗಿದವರು ಹಾಗಂದರೆ ನನಗೆ ಹೆದರಿಕೆಯಾಗುತ್ತದೆ.

ಅಡಿಕೆ ಕೊಯ್ಲಿನ ದಿನಗಳನ್ನೇ ನೋಡಿ. ನಿದ್ದೆ ಸಾಲದು, ಊಟಕ್ಕೆ ಹೊತ್ತಿಲ್ಲ, ತಲೆ ಸಿಡಿಯುತ್ತದೆ. ಒಂದು ಪ್ಯಾರಾಸಿಟಮಾಲ್, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮೈಗ್ರೇನ್ ಮಾತ್ರೆ. ಕೆಲವು ಮೈಗ್ರೇನ್ ಮಾತ್ರೆಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ. ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಯಾರು ಓದುತ್ತಾರೆ, ಅಲ್ವಾ? ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. ಅಂದರೆ 650 ಮಿಲಿಗ್ರಾಂನ ಆರು ಮಾತ್ರೆ. ಊಟ ಬಿಟ್ಟವರಿಗೆ, ಮದ್ಯ ಕುಡಿಯುವವರಿಗೆ ಅಷ್ಟೂ ಹೆಚ್ಚಾಗಬಹುದು.

ಪ್ಯಾರಾಸಿಟಮಾಲಿನ ಸ್ವಲ್ಪ ಪಾಲು ಲಿವರಿನಲ್ಲಿ ವಿಷವಾಗಿ ಬದಲಾಗುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಅಲ್ಲೇ ಅಡಗಿಸುತ್ತದೆ. ಮಾತ್ರೆ ಮಿತಿಮೀರಿದರೆ ಗ್ಲುಟಾಥಯೋನ್ ಮುಗಿದುಹೋಗುತ್ತದೆ, ವಿಷ ಲಿವರನ್ನೇ ಸುಡತೊಡಗುತ್ತದೆ. ಮೊದಲ ದಿನ ಬರೀ ವಾಕರಿಕೆ, ವಾಂತಿ; ಕೆಲವರಿಗೆ ಅದೂ ಇಲ್ಲ. ಎರಡನೇ ದಿನ ವಾಂತಿ ನಿಂತು ‘ಅಡ್ಡಿಲ್ಲೆ’ ಅನಿಸುತ್ತದೆ. ಕಣ್ಣು ಹಳದಿಯಾಗಿ ಬುದ್ಧಿ ಮಂಕಾಗುವ ಹೊತ್ತಿಗೆ ಮೂರು ನಾಲ್ಕು ದಿನ ಕಳೆದಿರುತ್ತದೆ.

ಇದಕ್ಕೆ ಒಳ್ಳೆಯ ಪ್ರತಿಮದ್ದಿದೆ: ಅಸಿಟೈಲ್‌ಸಿಸ್ಟೀನ್. ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ. ಮಾತ್ರೆ ನುಂಗಿದ 8 ಗಂಟೆಯೊಳಗೆ ಶುರುವಾದರೆ ಲಿವರ್ ಬಹುಪಾಲು ಉಳಿಯುತ್ತದೆ. ತಡವಾದರೂ ಉಪಯೋಗವಿದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಕಾರವಾರದ ದೊಡ್ಡ ಆಸ್ಪತ್ರೆ ಮುಟ್ಟುವುದಕ್ಕೇ ಗಂಟೆಗಳು ಬೇಕು. ‘ಬೆಳಗಾಗಲಿ, ನೋಡೋಣ’ ಅನ್ನಲೇಬೇಡಿ.

ಎರ್ಗೊಟಮೈನ್ ಎಂಬ ಔಷಧ ಇರುವ ಮೈಗ್ರೇನ್ ಮಾತ್ರೆಯ ದಾರಿಯೇ ಬೇರೆ. ಅದು ರಕ್ತನಾಳ ಬಿಗಿಸುತ್ತದೆ. ಬೆರಳು ತಣ್ಣಗಾಗಿ ಜೋಮು ಹಿಡಿದರೆ, ಬಿಳಿಚಿದರೆ, ನಡೆದಾಗ ಕಾಲು ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಿ. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಮಾಮೂಲಿ ಪ್ರಮಾಣವೇ ವಿಷವಾಗಬಹುದು. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರಾನೊಲಾಲ್ ಜಾಸ್ತಿಯಾದರೆ ನಾಡಿ ನಿಧಾನವಾಗಿ ಬಿಪಿ ಕುಸಿಯುತ್ತದೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ.

ಆದ್ದರಿಂದ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬೇಕಂತಲೇ ನುಂಗಿದ್ದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಖಾಲಿ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಎಷ್ಟು ನುಂಗಿದ್ದು, ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ.