ಟಿಎಸ್‌ಎಚ್ ಜಾಸ್ತಿ, ಥೈರಾಯ್ಡ್ ಕಡಿಮೆ

ದಾವಣಗೆರೆಯಲ್ಲಿ ಯಾವ ಲ್ಯಾಬಿಗೆ ಹೋದರೂ ಥೈರಾಯ್ಡ್ ರಿಪೋರ್ಟ್ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. ಟಿ3, ಟಿ4, ಟಿಎಸ್‌ಎಚ್ ಎಂಬ ಮೂರು ಸಾಲು. ಪಕ್ಕದಲ್ಲಿ ಎಷ್ಟಿರಬೇಕು ಎಂಬ ಅಂಕಿ. ಮೂರನೇ ಸಾಲು ದಪ್ಪ ಅಕ್ಷರದಲ್ಲಿ ಬಂತೆಂದರೆ ಮನೆಯಲ್ಲಿ ಗಾಬರಿ ಶುರು. "ಡಾಕ್ಟ್ರೇ, ನಮ್ಮ ಸೊಸೆಗೆ ಥೈರಾಯ್ಡ್ ಜಾಸ್ತಿ ಆಗೇತಂತ್ರೀ" ಎನ್ನುತ್ತಲೇ ಒಳಗೆ ಬರುತ್ತಾರೆ. ನೋಡಿದರೆ ಟಿಎಸ್‌ಎಚ್ 18. ನಾಲ್ಕು, ನಾಲ್ಕೂವರೆ ಒಳಗೆ ಇರಬೇಕಾದದ್ದು. ಅಂದರೆ ಆ ಹುಡುಗಿಗೆ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ. ಮನೆಯವರು ತಿಳಿದುಕೊಂಡದ್ದಕ್ಕೆ ಪೂರ್ತಿ ಉಲ್ಟಾ.

ಅಂಕಿ ಏರಿದರೆ ಆ ಪದಾರ್ಥ ಏರಿದೆ ಅಂದುಕೊಳ್ಳುವುದು ಸಹಜವೇ. ಬಿಪಿ, ಶುಗರ್ ನಮಗೆ ಅದನ್ನೇ ರೂಢಿ ಮಾಡಿಸಿವೆ. ಆದರೆ ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಜಾಸ್ತಿ ಆಗಿದೆ ಅಂದುಕೊಂಡವರು ಮಾತ್ರೆ ಅದನ್ನು ಇಳಿಸುತ್ತದೆ ಎಂದು ನಂಬುತ್ತಾರೆ. ಮುಂದಿನ ರಿಪೋರ್ಟ್ ನಾರ್ಮಲ್ ಬಂದ ದಿನವೇ ಡಬ್ಬಿ ಮುಚ್ಚಿಡುತ್ತಾರೆ. ಇಳಿದ ಮೇಲೆ ಇನ್ನೇಕೆ ಮಾತ್ರೆ, ಅಲ್ವಾ? ಎರಡು ಮೂರು ತಿಂಗಳಲ್ಲಿ ಮತ್ತೆ ಮುಖ ಊದಿಕೊಂಡು, ಮೈ ಭಾರವಾಗಿ, ಮುಟ್ಟು ಏರುಪೇರಾಗಿ ವಾಪಸ್ ಬರುತ್ತಾರೆ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಅದು ಬರುವುದು ಮೆದುಳಿನ ಬುಡದಲ್ಲಿರುವ, ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿಯಿಂದ. ನಮ್ಮ ಕಡೆ ಭದ್ರಾ ನಾಲೆಯ ನೀರು ಕಂಡವರಿಗೆ ನೀರುಗಂಟಿ ಗೊತ್ತು. ಗದ್ದೆ ಒಣಗಿದ್ದರೆ ತೂಬು ಎತ್ತುತ್ತಾನೆ, ತುಂಬಿದ್ದರೆ ಇಳಿಸುತ್ತಾನೆ. ಪಿಟ್ಯುಟರಿಯೂ ಅದೇ ಕೆಲಸ ಮಾಡುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ ಅನಿಸಿದರೆ ಟಿಎಸ್‌ಎಚ್ ಹೆಚ್ಚಿಸಿ, 'ಇನ್ನಷ್ಟು ಮಾಡು' ಎಂದು ಥೈರಾಯ್ಡಿಗೆ ಹೇಳುತ್ತದೆ. ಸಾಕಷ್ಟಿದ್ದರೆ ಟಿಎಸ್‌ಎಚ್ ತಗ್ಗಿಸುತ್ತದೆ. ಥೈರಾಯ್ಡ್ ಮಾಡುವ ಹಾರ್ಮೋನಾದ ಟಿ4 ಸ್ವಲ್ಪ ಇಳಿದರೂ ಟಿಎಸ್‌ಎಚ್ ಎಷ್ಟೋ ಪಟ್ಟು ಏರುತ್ತದೆ. ಅದಕ್ಕೇ ಕೊರತೆ ಮೊದಲು ಕಾಣುವುದು ಆ ಮೂರನೇ ಸಾಲಿನಲ್ಲಿ.

ಹಾರ್ಮೋನುಗಳ ವಿಷಯದಲ್ಲಿ ನಾನು ಎಲ್ಲರಿಗೂ ಹೇಳಬೇಕೆಂದಿರುವುದು ಇದನ್ನೇ. ಯಾವ ಗ್ರಂಥಿಯೂ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಒಂದು ಹೇಳುತ್ತದೆ, ಇನ್ನೊಂದು ಮಾಡುತ್ತದೆ, ಆದ ಕೆಲಸ ನೋಡಿ ಮೊದಲನೆಯದು ಸುಮ್ಮನಾಗುತ್ತದೆ. ಹಾಗಾಗಿ ಒಂದೇ ಅಂಕಿ ಹಿಡಿದು ತೀರ್ಮಾನಕ್ಕೆ ಬರುವುದೂ, ಒಂದು ಹಾರ್ಮೋನನ್ನು ಹೊರಗಿನಿಂದ ಮನಸ್ಸಿಗೆ ಬಂದ ಹಾಗೆ ತೆಗೆದುಕೊಳ್ಳುವುದೂ ಅಪಾಯ.

ಎಲ್ಲ ಗ್ರಂಥಿಗಳಿಗೂ ಪಿಟ್ಯುಟರಿ ಹೇಳಬೇಕು ಅಂತೇನಿಲ್ಲ. ಪ್ಯಾಂಕ್ರಿಯಾಸ್ ನೇರವಾಗಿ ರಕ್ತದ ಸಕ್ಕರೆಯನ್ನೇ ಗಮನಿಸುತ್ತದೆ. ದೊಡ್ಡವರ ಮೈಯ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ ಮಾತ್ರ. ಬೆಳಿಗ್ಗೆ ಎರಡು ಬೆಣ್ಣೆದೋಸೆ ತಿಂದರೆ ಅದರ ಎಷ್ಟೋ ಪಟ್ಟು ಪಿಷ್ಟ ಹೊಟ್ಟೆಗೆ ಹೋಗುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಗಂಟೆಯೊಳಗೆ ಶುಗರ್ 140ರ ಕೆಳಗೆ ಬಂದು ನಿಲ್ಲುತ್ತದೆ. ಅದು ಪ್ಯಾಂಕ್ರಿಯಾಸ್ ಬಿಡುವ ಇನ್ಸುಲಿನ್ ಹಾರ್ಮೋನಿನ ಕೆಲಸ. ತೂಕ ಹೆಚ್ಚಿ, ಓಡಾಟ ಕಡಿಮೆಯಾದಾಗ ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ಪ್ಯಾಂಕ್ರಿಯಾಸ್ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸಿ ಶುಗರ್ ಹತೋಟಿಯಲ್ಲಿ ಇಡುತ್ತದೆ. ರಿಪೋರ್ಟಿನಲ್ಲಿ ಶುಗರ್ ಸರಿ ಇರುತ್ತದೆ. ಆದರೆ ಮಕ್ಕಳ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪಗೆ ಮಖಮಲ್ಲಿನ ಹಾಗಾಗುತ್ತದೆ. ತಾಯಂದಿರು ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ. ಹುಡುಗಿಯ ಕುತ್ತಿಗೆ ಕೆಂಪಾಗಿ ತರಚಿದ್ದನ್ನೂ ನೋಡಿದ್ದೇನೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ ಅಮ್ಮಾ, ಮಗುವನ್ನು ಬೈಯಬೇಡಿ. ಆ ಕಪ್ಪು ಒಳಗೆ ಇನ್ಸುಲಿನ್ ಏರಿರುವುದರ ಗುರುತು. ತೂಕ ಇಳಿದರೆ ತಾನಾಗಿ ತಿಳಿಯಾಗುತ್ತದೆ. ಮುಟ್ಟು ಸರಿಯಾಗಿ ಆಗದ, ಮುಖದಲ್ಲಿ ಕೂದಲು ಬರುವ ಪಿಸಿಒಡಿ ಹುಡುಗಿಯರಲ್ಲೂ ಬಹಳಷ್ಟು ಜನರಿಗೆ ಇದೇ ಇನ್ಸುಲಿನ್ ಕಾರಣ ಜೊತೆಗಿರುತ್ತದೆ.

ಥೈರಾಯ್ಡ್ ಮಾತ್ರೆಗೆ ಮರಳುತ್ತೇನೆ. ಏಕೆಂದರೆ ಓಪಿಡಿಯಲ್ಲಿ ಹೆಚ್ಚು ಹೊತ್ತು ಹೋಗುವುದು ಅದರಲ್ಲೇ. ಕಡಿಮೆಯಾದ ಹಾರ್ಮೋನನ್ನೇ ತುಂಬಿಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ಟೀ, ತಿಂಡಿ ಎಲ್ಲ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ದೂರ ಇರಬೇಕು. ಜೊತೆಗೇ ನುಂಗಿದರೆ ಥೈರಾಕ್ಸಿನ್ ಕರುಳಿನಲ್ಲೇ ಉಳಿದುಬಿಡುತ್ತದೆ. ಡೋಸ್ ಬದಲಿಸಿದ ಹತ್ತು ದಿನಕ್ಕೇ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಈ ಹಾರ್ಮೋನು ರಕ್ತದಲ್ಲಿ ಅರ್ಧ ಕರಗಲು ಒಂದು ವಾರ ಬೇಕು, ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಆರರಿಂದ ಎಂಟು ವಾರ.

ಇನ್ನೊಂದು ವಿಷಯ ಹೇಳಲೇಬೇಕು. ಗರ್ಭಿಣಿಯಾದ ತಕ್ಷಣ 'ಮಗುವಿಗೆ ಹೀಟ್ ಆಗುತ್ತೆ' ಎಂದು ಥೈರಾಯ್ಡ್ ಮಾತ್ರೆ ನಿಲ್ಲಿಸುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಮೂರು ತಿಂಗಳು ಮಗುವಿನ ಸ್ವಂತ ಥೈರಾಯ್ಡ್ ಕೆಲಸ ಶುರು ಮಾಡಿರುವುದಿಲ್ಲ. ಅದರ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಆ ಸಮಯದಲ್ಲಿ ಮಾತ್ರೆ ನಿಲ್ಲಿಸುವುದಿರಲಿ, ಸಾಮಾನ್ಯವಾಗಿ ಡೋಸ್ ಹೆಚ್ಚೇ ಬೇಕಾಗುತ್ತದೆ. ಮುಟ್ಟು ತಪ್ಪಿದ ವಾರವೇ ಡಾಕ್ಟರ್ ಬಳಿ ಹೋಗಿ. ಹಾಗೆಯೇ, 'ನಾದಿನಿಗೂ ಥೈರಾಯ್ಡೇ' ಎಂದು ಅವಳ ಮಾತ್ರೆ ಇವಳು ತಿನ್ನುವುದೂ ಬೇಡ. ನಾದಿನಿಗೆ ಹಾರ್ಮೋನು ನಿಜವಾಗಿಯೂ ಜಾಸ್ತಿ ಇದ್ದು, ಎದೆ ಡವಡವ, ಕೈ ನಡುಕ, ತೂಕ ಇಳಿತ ಇದ್ದರೆ ಅವಳ ಮಾತ್ರೆಯೇ ಬೇರೆ. ಅದು ಹಾರ್ಮೋನು ಇಳಿಸುವ ಮಾತ್ರೆ.

ಇಷ್ಟು ಕೇಳಿದ ಮೇಲೆ ಟಿಎಸ್‌ಎಚ್ ಒಂದನ್ನು ನೋಡಿದರೆ ಸಾಕು ಅನಿಸಬಹುದು. ಹೆಚ್ಚಿನವರಿಗೆ ಸಾಕು. ಆದರೆ ತೂಬು ಎತ್ತಬೇಕಾದ ಪಿಟ್ಯುಟರಿಗೇ ಪೆಟ್ಟು ಬಿದ್ದಿದ್ದರೆ?

ಜಗಳೂರು ಕಡೆಯ ಒಬ್ಬ ಹೆಂಗಸು, ಐವತ್ತರ ಆಸುಪಾಸು. ವರ್ಷಗಟ್ಟಲೆ ಸುಸ್ತು. ವಾಂತಿಯಾದಾಗ, ಭೇದಿಯಾದಾಗ ಜ್ಞಾನ ತಪ್ಪುತ್ತಿತ್ತು. ಆಸ್ಪತ್ರೆಗೆ ಸೇರಿಸಿದಾಗಲೆಲ್ಲ ರಕ್ತದಲ್ಲಿ ಸೋಡಿಯಂ ಕಡಿಮೆ, ಎರಡು ದಿನ ಗ್ಲೂಕೋಸ್ ಬಾಟಲಿ, ಮತ್ತೆ ಮನೆ. ಫೈಲಿನಲ್ಲಿ ಟಿಎಸ್‌ಎಚ್ ನಾರ್ಮಲ್ ಎಂದೇ ಇತ್ತು. ಮುಖ ಬಿಳಿಚಿಕೊಂಡಿತ್ತು, ಚರ್ಮ ತೆಳ್ಳಗೆ, ಹುಬ್ಬಿನ ಕೂದಲು ಉದುರಿತ್ತು. "ಕೊನೇ ಹೆರಿಗೆ ಹೆಂಗಾಯ್ತವ್ವ?" ಎಂದು ಕೇಳಿದೆ. "ಮನ್ಯಾಗೇ ಆತು ಸಾರ್. ರಕ್ತ ಭಾಳ ಹೋತು. ಕೂಸಿಗೆ ಹಾಲೇ ಬರ್ಲಿಲ್ಲ. ಆಮೇಲೆ ಮುಟ್ಟೂ ಆಗ್ಲಿಲ್ಲ." ಈ ಮೂರು ಮಾತು ಒಟ್ಟಿಗೆ ಬಂದರೆ ಕಾಯಿಲೆ ಹೆಚ್ಚುಕಡಿಮೆ ತೀರ್ಮಾನವಾದಂತೆ. ಗರ್ಭಿಣಿಯಲ್ಲಿ ಪಿಟ್ಯುಟರಿ ದೊಡ್ಡದಾಗುತ್ತದೆ, ಅದಕ್ಕೆ ರಕ್ತವೂ ಜಾಸ್ತಿ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಕುಸಿದರೆ ಆ ಗ್ರಂಥಿ ಸಾಯುತ್ತದೆ. 1937ರಲ್ಲಿ ಹೆರಾಲ್ಡ್ ಶೀಹನ್ ಎಂಬ ವೈದ್ಯರು ಇದನ್ನು ವಿವರಿಸಿದರು. ಕಾಯಿಲೆಗೆ ಅವರದೇ ಹೆಸರು.

ಪಿಟ್ಯುಟರಿಗೇ ಶಕ್ತಿ ಇಲ್ಲದಿದ್ದಾಗ ಟಿಎಸ್‌ಎಚ್ ಏರುವುದಾದರೂ ಹೇಗೆ? ಟಿ4 ನೆಲ ಕಚ್ಚಿದ್ದರೂ ಟಿಎಸ್‌ಎಚ್ ನಾರ್ಮಲ್ ಸಾಲಿನಲ್ಲೇ ಕುಳಿತಿರುತ್ತದೆ. ಇಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಪಿಟ್ಯುಟರಿ ಹೋದವರಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನೂ ಸಾಕಷ್ಟು ಇರುವುದಿಲ್ಲ. ಅವಸರದಲ್ಲಿ ಥೈರಾಯ್ಡ್ ಮಾತ್ರೆ ಮೊದಲು ಕೊಟ್ಟರೆ ಮೈಯ ಕೆಲಸದ ವೇಗ ಹೆಚ್ಚಿ, ಉಳಿದಿದ್ದ ಅಷ್ಟಿಷ್ಟು ಕಾರ್ಟಿಸಾಲೂ ಖರ್ಚಾಗಿ ಬಿಪಿ ಬೀಳುತ್ತದೆ. ಜೀವಕ್ಕೇ ಸಂಚಕಾರ. ಮೊದಲು ಹೈಡ್ರೊಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸಾಲ್, ಆಮೇಲೆ ಥೈರಾಕ್ಸಿನ್. ಆ ಅವ್ವನಿಗೂ ಹಾಗೇ ಕೊಟ್ಟದ್ದು. ಕೆಲವೇ ದಿನಗಳಲ್ಲಿ ಎದ್ದು ಕೂತು ರೊಟ್ಟಿ ಕೇಳಿದರು. ಇಷ್ಟು ಅಗ್ಗದ ಮಾತ್ರೆಗೆ ಅಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಹೀಗೇ ಸುಸ್ತಿದ್ದರೆ, ಹೆರಿಗೆಯ ಕಥೆಯನ್ನು ಡಾಕ್ಟರಿಗೆ ತಾವಾಗಿಯೇ ಹೇಳಲಿ. ಮೂವತ್ತು ವರ್ಷ ಹಿಂದಿನದಾದರೂ ಪರವಾಗಿಲ್ಲ.

ಕಾರ್ಟಿಸಾಲ್ ಬರುವುದು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ. ನಸುಕಿನಲ್ಲಿ ಏರುತ್ತದೆ, ನಡುರಾತ್ರಿಗೆ ತೀರಾ ಇಳಿಯುತ್ತದೆ. ಜ್ವರ, ಅಪಘಾತ, ಆಪರೇಷನ್ ಇದ್ದಾಗ ಹಲವು ಪಟ್ಟು ಹೆಚ್ಚುತ್ತದೆ. ಬಿಪಿ ಹಿಡಿದು ನಿಲ್ಲಿಸುವುದೇ ಅದು. ಇದಕ್ಕೂ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬಂದು ಹೇಳಬೇಕು.

ನಾವು ಸ್ಟಿರಾಯ್ಡ್ ಎನ್ನುವ ಔಷಧಿಗಳು ಈ ಕಾರ್ಟಿಸಾಲಿನ ಅಣ್ಣತಮ್ಮಂದಿರು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಲುವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಾಗ, ಏಳಲಾಗದಿದ್ದವರು ಎದ್ದು ನಡೆದರು. ಎರಡೇ ವರ್ಷಕ್ಕೆ ಅದಕ್ಕೆ ನೊಬೆಲ್ ಬಂತು. ಆಸ್ತಮಾ, ಕಿಡ್ನಿ ಕಾಯಿಲೆ, ಲೂಪಸ್ ಇರುವ ಎಷ್ಟೋ ಜನ ಇವತ್ತು ಬದುಕಿರುವುದೇ ಇದರಿಂದ. ನನ್ನ ಸಿಟ್ಟು ಸ್ಟಿರಾಯ್ಡ್ ಬೆರೆಸಿದ, ಹೆಸರಿಲ್ಲದ ಪೊಟ್ಟಣಗಳ ಮೇಲೆ. ಮಂಡಿನೋವಿಗೆ, ದಮ್ಮಿಗೆ ಎಂದು ಸಂತೆಯಲ್ಲಿ ಮಾರುವ ಪುಡಿ, ಚೀಟಿಯಿಲ್ಲದ ಗುಳಿಗೆ. ಎರಡು ದಿನದಲ್ಲಿ ನೋವು ಮಾಯ, ಹಸಿವು ಜೋರು, ಮೈ ತುಂಬಿಕೊಳ್ಳುತ್ತದೆ. 'ನಾಟಿ ಔಷಧಿ, ಸೈಡ್ ಎಫೆಕ್ಟ್ ಇಲ್ಲ' ಎನ್ನುತ್ತಾರೆ. ನಿಜವಾದ ನಾಟಿ ವೈದ್ಯರಿಗೂ ಇದರಿಂದ ಅವಮಾನ.

ಅಂಥ ರೋಗಿಯನ್ನು ಬಾಗಿಲಲ್ಲೇ ಗುರುತು ಹಿಡಿಯಬಹುದು. ಮುಖ ದುಂಡಗೆ, ಕೆಂಪಗೆ. ಹೊಟ್ಟೆ ಮುಂದೆ, ಕೈಕಾಲು ಸಣ್ಣ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು. ರಕ್ತ ತೆಗೆದ ಜಾಗ ಅಂಗೈಯಷ್ಟು ಕಪ್ಪಗಾಗಿರುತ್ತದೆ. ಕುಕ್ಕರಗಾಲಲ್ಲಿ ಕೂತರೆ ಕೈ ಊರದೆ ಏಳಲಾಗದು. ಬಿಪಿ, ಶುಗರ್ ಹೊಸದಾಗಿ ಶುರುವಾಗಿರುತ್ತವೆ. ಕಾರ್ಟಿಸಾಲ್ ಉಕ್ಕಿ ಹರಿಯುತ್ತಿರಬೇಕು ಅನಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ನೋಡಿದರೆ ಕಾರ್ಟಿಸಾಲ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ಆ ಪರೀಕ್ಷೆಗೆ ಸಿಗುವುದಿಲ್ಲ. ಸಿಗಬೇಕಾದ ಸ್ವಂತ ಕಾರ್ಟಿಸಾಲ್ ನಿಂತುಹೋಗಿದೆ. ಹೊರಗಿನಿಂದ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ ಎಂದು ಪಿಟ್ಯುಟರಿ ಎಸಿಟಿಎಚ್ ನಿಲ್ಲಿಸಿದೆ. ಕೆಲಸವಿಲ್ಲದ ಅಡ್ರಿನಲ್ ಸಣ್ಣದಾಗಿ ಸೊರಗಿದೆ.

ಯಾರೋ 'ಅದು ಸ್ಟಿರಾಯ್ಡಂತೆ, ಇವತ್ತೇ ಬಿಡು' ಎಂದು ಬುದ್ಧಿ ಹೇಳುತ್ತಾರೆ. ಅವರದು ಒಳ್ಳೆಯ ಮನಸ್ಸೇ. ಆದರೆ ಬಿಟ್ಟ ಕೆಲವೇ ದಿನಕ್ಕೆ ವಾಂತಿ, ನಿಶ್ಶಕ್ತಿ, ಮೈಕೈ ನೋವು. ಸಣ್ಣ ಜ್ವರ ಬಂದರೂ ಬಿಪಿ ಬಿದ್ದು ಐಸಿಯು ಸೇರಬೇಕಾಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ಯಾರೇ ಆಗಲಿ, ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಅಂಥ ಪೊಟ್ಟಣ ತಿನ್ನುತ್ತಿದ್ದರೆ ಅದನ್ನೇ ಹಿಡಿದು ಡಾಕ್ಟರ್ ಬಳಿ ಬನ್ನಿ. ಯಾರೂ ಬೈಯುವುದಿಲ್ಲ.

ನಾವು ಮಾಡುವುದು ಇಷ್ಟೆ. ಪುಡಿ ಬಿಡಿಸಿ, ಅಳತೆ ಗೊತ್ತಿರುವ ಮಾತ್ರೆ ಕೊಡುತ್ತೇವೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ 5 ಮಿಲಿಗ್ರಾಂ ಕೊಟ್ಟರೆ ಅದು ಸುಮಾರಾಗಿ ಮೈ ತಾನೇ ಒಂದು ದಿನಕ್ಕೆ ಮಾಡಿಕೊಳ್ಳುವ ಕಾರ್ಟಿಸಾಲಿಗೆ ಸಮ. ಅಲ್ಲಿಯವರೆಗೆ ಸ್ವಲ್ಪ ಬೇಗ ಇಳಿಸಬಹುದು, ಅಲ್ಲಿಂದ ಕೆಳಗೆ ಬಹಳ ನಿಧಾನ. ಅಡ್ರಿನಲ್ ಮತ್ತೆ ಎಚ್ಚರಾಗಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ಆ ನಡುವೆ ಜ್ವರ ಬಂದರೆ ಡೋಸ್ ಎರಡು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಹಲ್ಲು ಕೀಳಿಸುವುದಾದರೂ ಸರಿ, ಹರ್ನಿಯಾ ಆಪರೇಷನ್ ಆದರೂ ಸರಿ, 'ನಾನು ಸ್ಟಿರಾಯ್ಡ್ ಮೇಲೆ ಇದ್ದೇನೆ' ಎಂದು ಮೊದಲೇ ಹೇಳಬೇಕು. ಅದನ್ನು ಬರೆದ ಚೀಟಿಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಕಾರ್ಟಿಸಾಲ್ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆಯ ಮಾತ್ರೆಯನ್ನು ರಕ್ತ ಕೊಟ್ಟ ಮೇಲೇ ನುಂಗಿ. ರಕ್ತ ಎಂಟು ಗಂಟೆ ಹೊತ್ತಿಗೇ ಕೊಡಬೇಕು. ಮಧ್ಯಾಹ್ನ ಕೊಟ್ಟರೆ ಅಂಕಿ ತಾನಾಗಿಯೇ ಕಡಿಮೆ ಬರುತ್ತದೆ. ಹಳ್ಳಿಗಳಿಂದ ಬರುವವರು ಆವತ್ತು ಮೊದಲ ಬಸ್ಸಿಗೇ ಹೊರಡಿ.