ಜಾಲಹಳ್ಳಿಯ ಸ್ಪಿಟ್‌ಫೈರ್ ಡಕ್ಸ್‌ಫರ್ಡ್ ಸೇರಿದ ಕತೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ ಪ್ರತಿವರ್ಷ ಹಳೆಯ ಯುದ್ಧವಿಮಾನಗಳ ಏರ್‌ಶೋ ನಡೆಯುತ್ತದೆ. ಅಲ್ಲಿನ ಸಂಗ್ರಹದಲ್ಲಿ ಎಂವಿ293 ಎಂಬ ನಂಬರಿನ ಒಂದು ಸ್ಪಿಟ್‌ಫೈರ್, ಅಂದರೆ ಬ್ರಿಟಿಷ್ ಫೈಟರ್ ವಿಮಾನ, ಇದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತಕ್ಕೆ ಬಂದು, ನಮ್ಮ ವಾಯುಪಡೆ ಸೇರಿ, ಕೊನೆಗೆ ಬೆಂಗಳೂರಿನ ಜಾಲಹಳ್ಳಿಯ ತಾಂತ್ರಿಕ ಕಾಲೇಜಿನಲ್ಲಿ ಪಾಠಕ್ಕೆಂದು ನಿಂತಿದ್ದ ವಿಮಾನ ಅದು. 1970ರ ದಶಕದ ಕೊನೆಯಲ್ಲಿ ಅದು ಇಂಗ್ಲೆಂಡಿಗೆ ಹೋಯಿತು. 1990ರ ದಶಕದಲ್ಲಿ ಮತ್ತೆ ಆಕಾಶಕ್ಕೇರಿತು.

ಈಗ ಈ ಹಳೆಯ ವಿಮಾನಗಳ ಸುತ್ತ ದೊಡ್ಡ ಚರ್ಚೆ ಬೆಳೆದಿದೆ. ದುಡ್ಡು ಕೊಟ್ಟ ಸಾಮಾನ್ಯ ಮನುಷ್ಯನನ್ನು ಇವುಗಳಲ್ಲಿ ಹತ್ತಿಸಿಕೊಳ್ಳಬಹುದೇ? ಎಂಬತ್ತು ವರ್ಷ ದಾಟಿದ ಯಂತ್ರವನ್ನು ಹಾರಿಸುವುದೇ ತಪ್ಪೇ? ಮುಕ್ಕಾಲು ಭಾಗ ಹೊಸ ಲೋಹ ಹಾಕಿ ಕಟ್ಟಿದ್ದನ್ನು ಹಳೆಯ ವಿಮಾನ ಎನ್ನಬಹುದೇ? ಒಂದಕ್ಕೆ ಉತ್ತರ ಹೇಳಹೊರಟರೆ ಇನ್ನೊಂದು ಅಡ್ಡ ಬರುತ್ತದೆ. ಹಾಗಾಗಿ ಮೊದಲಿನಿಂದ ಹೇಳುವುದೇ ವಾಸಿ.

ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ವಿನ್ಯಾಸಕಾರ ಆರ್.ಜೆ. ಮಿಚೆಲ್ ಮರುವರ್ಷವೇ ತೀರಿಕೊಂಡರು. ತಮ್ಮ ವಿಮಾನ ಯುದ್ಧದಲ್ಲಿ ಹಾರಿದ್ದನ್ನು ಅವರು ಕಾಣಲಿಲ್ಲ. ಮುಂದಿನ ಹನ್ನೆರಡು ವರ್ಷಗಳಲ್ಲಿ 20,000ಕ್ಕೂ ಹೆಚ್ಚು ತಯಾರಾದವು. ಅಮೆರಿಕದ ಮಸ್ಟಾಂಗ್ ಫೈಟರ್ 15,000 ದಾಟಿತು. ಆಮೇಲೆ ಜೆಟ್ ಬಂತು. ಹೆಚ್ಚಿನವು ಕತ್ತರಿಗೆ ಸಿಕ್ಕಿ, ಕರಗಿ, ಅಲ್ಯೂಮಿನಿಯಂ ಆದವು. ಉಳಿದವು ಸಣ್ಣಪುಟ್ಟ ದೇಶಗಳ ವಾಯುಪಡೆಗಳಿಗೆ, ರೇಸಿನ ಹುಚ್ಚಿದ್ದ ಅಮೆರಿಕನ್ನರಿಗೆ, ಶಾಲೆ-ಕಾಲೇಜುಗಳ ಅಂಗಳಕ್ಕೆ ಹಂಚಿಹೋದವು. 1957ರಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಕೆಲವನ್ನು ನೆನಪಿಗೆಂದು ಹಾರಿಸುತ್ತಾ ಇಟ್ಟುಕೊಂಡಿತು. 1969ರಲ್ಲಿ ತೆರೆಕಂಡ ‘ಬ್ಯಾಟಲ್ ಆಫ್ ಬ್ರಿಟನ್’ ಸಿನಿಮಾಕ್ಕಾಗಿ ಮೂಲೆಮೂಲೆಯಿಂದ ಹುಡುಕಿ ತಂದ ವಿಮಾನಗಳೇ ಖಾಸಗಿ ಸಂಗ್ರಹಗಳ ಬೀಜವಾದವು.

ಇಷ್ಟು ಹೊರಗಿನ ಕತೆ. ನಮ್ಮ ಅಂಗಳದ್ದು ಇದಕ್ಕಿಂತ ಸ್ವಾರಸ್ಯದ್ದು, ಆದರೆ ನಾವು ಹೇಳಿಕೊಳ್ಳುವುದು ಕಡಿಮೆ.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಆಗ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಮೈಸೂರು ಸರ್ಕಾರ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. ಎರಡೇ ವರ್ಷದೊಳಗೆ, 1942ರ ಜುಲೈನಲ್ಲಿ, ಇಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಫೈಟರ್ ಹಾರಿತು. ಅದರ ಸಂಖ್ಯೆ ಕೈಬೆರಳೆಣಿಕೆ ದಾಟಲಿಲ್ಲ. ಯುದ್ಧ ಭಾರತದ ಬಾಗಿಲಿಗೆ ಬಂದಿದ್ದರಿಂದ ಹೊಸ ವಿಮಾನಕ್ಕಿಂತ ರಿಪೇರಿಯೇ ಮುಖ್ಯವಾಯಿತು, ಕಾರ್ಖಾನೆ ಅಮೆರಿಕನ್ ಸೇನೆಯ ಕೈಗೆ ಹೋಯಿತು. ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು, ಅಲ್ಲಿಂದ ಕಾರ್ಖಾನೆಗೆ ಓವರ್‌ಹಾಲ್‌ಗೆ ಹೋಗುತ್ತಿದ್ದವು. ನೊರೆಗೂ ಬೆಂಕಿಗೂ ಸುದ್ದಿಯಾಗುವ ಇವತ್ತಿನ ಬೆಳ್ಳಂದೂರನ್ನಷ್ಟೇ ಬಲ್ಲವರಿಗೆ ಇದು ನಂಬಲು ಕಷ್ಟ.

ಯುದ್ಧ ಮುಗಿದ ಮೇಲಿನ ಸಾಹಸ ಇನ್ನೂ ದೊಡ್ಡದು. ಬ್ರಿಟಿಷರು ಹೊರಡುವಾಗ ಕಾನ್ಪುರದ ಚಕೇರಿಯಲ್ಲಿ ಸಾಲುಸಾಲು ಲಿಬರೇಟರ್ ಬಾಂಬರ್‌ಗಳನ್ನು, ಮತ್ತೆ ಹಾರದ ಹಾಗೆ ಬೇಕೆಂದೇ ಕೆಡಿಸಿ, ಬಿಟ್ಟುಹೋಗಿದ್ದರು. 1948ರಲ್ಲಿ ಹೊಸ ದೇಶಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಬೆಂಗಳೂರಿನ ಮೆಕ್ಯಾನಿಕ್‌ಗಳು ಚಕೇರಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಂದು ಸಲ ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಕಂಪನಿಯ ಪೈಲಟ್ ಜಮ್ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. ಸುಮಾರು 40 ವಿಮಾನಗಳು ಹೀಗೆ ಮರುಜನ್ಮ ಪಡೆದು 1968ರ ಕೊನೆಯವರೆಗೂ ವಾಯುಪಡೆಯಲ್ಲಿ ಹಾರಿದವು. ಬೇರೆ ದೇಶಗಳು ತಮ್ಮ ಲಿಬರೇಟರ್‌ಗಳನ್ನು ಎಂದೋ ಕತ್ತರಿಸಿ ಮುಗಿಸಿದ್ದವು. ಹಾಗಾಗಿ ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಿಗೆ ಲಿಬರೇಟರ್ ಬೇಕಾದಾಗ ಕೈಚಾಚಿದ್ದು ನಮ್ಮ ಕಡೆಗೆ. ಅಮೆರಿಕದಲ್ಲಿ 1989ರಲ್ಲಿ ಮತ್ತೆ ಹಾರಿ, ದುಡ್ಡು ಕೊಟ್ಟವರನ್ನು ಹತ್ತಿಸಿಕೊಂಡು ಊರೂರು ಸುತ್ತಿದ ಲಿಬರೇಟರ್ ಕೂಡ ಬೆಂಗಳೂರಿನವರು ಚಕೇರಿಯಿಂದ ಎತ್ತಿ ತಂದದ್ದೇ.

ಫೈಟರ್‌ಗಳದ್ದೂ ಇದೇ ದಾರಿ. 1947ರ ಕಾಶ್ಮೀರ ಕದನದಲ್ಲಿ ಹಾರಿದ್ದು ಸ್ಪಿಟ್‌ಫೈರ್‌ಗಳು ಮತ್ತು ಟೆಂಪೆಸ್ಟ್‌ಗಳು. ಜೆಟ್ ಬಂದ ಮೇಲೆ ಅವು ತರಬೇತಿ ಶಾಲೆಗಳ ಮೂಲೆಗೆ, ಗುರಿ ಅಭ್ಯಾಸದ ಮೈದಾನಗಳಿಗೆ ಸರಿದವು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಗ್ರಾಹಕರು ಬಂದು, ಹುಡುಕಿ, ಕೊಂಡು, ಹಡಗೇರಿಸಿದರು. ಆ ಹೊತ್ತಿಗೆ ಭಾರತದಲ್ಲಿ ಯಾರಿಗೂ ಅವು ಬೇಕಾಗಿರಲಿಲ್ಲ ಎಂಬುದು ನಿಜ. ದಿನಸಿಗೆ ಕ್ಯೂ ನಿಲ್ಲುತ್ತಿದ್ದ ಕಾಲದಲ್ಲಿ ತುಕ್ಕು ಹಿಡಿದ ವಿಮಾನವನ್ನು ಕಾಪಾಡಬೇಕಿತ್ತು ಎಂದು ಇವತ್ತು ಕೂತು ಹೇಳುವುದು ಸುಲಭ. ಆದರೂ ಎರಡೋ ಮೂರೋ ಹ್ಯಾಂಗರ್‌ಗಳಲ್ಲಿ ಎತ್ತಿಟ್ಟಿದ್ದರೆ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಅವುಗಳನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಆಗ ಇದೇ ಊರಿನಲ್ಲಿದ್ದವು.

ಇನ್ನು ‘ಅಸಲಿ’ಯ ಪ್ರಶ್ನೆ. ತುಕ್ಕು ಹಿಡಿದ ಚಿಪ್ಪಿನಿಂದ ಹಾರುವ ಫೈಟರ್ ಮಾಡಲು ಹತ್ತಾರು ವರ್ಷ ಹಿಡಿದದ್ದುಂಟು. ರೆಕ್ಕೆಯ ತೊಲೆ, ಹೊದಿಕೆ, ರಿವೆಟ್ಟು ಎಲ್ಲ ಹೊಸದು. ಹಳೆಯದೆಂದು ಉಳಿಯುವುದು ಕೆಲವೊಮ್ಮೆ ನಂಬರು ಕೆತ್ತಿದ ಪಟ್ಟಿ ಮತ್ತು ಒಂದಿಷ್ಟು ಭಾಗಗಳು. ಇದು ಮೋಸ ಎನ್ನುವವರಿದ್ದಾರೆ. ನಮ್ಮ ಊರ ತೇರನ್ನು ನೋಡಿದವರಿಗೆ ಹಾಗನ್ನಿಸಲಿಕ್ಕಿಲ್ಲ. ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಮೇಲಿನ ಕೆತ್ತನೆ ಅಜ್ಜನ ಕಾಲದ್ದಲ್ಲ. ಆದರೂ ಅದೇ ತೇರು, ಏಕೆಂದರೆ ವರ್ಷವರ್ಷ ಎಳೆಯುತ್ತಿದ್ದೇವೆ. 27 ಲೀಟರಿನ, ಹನ್ನೆರಡು ಸಿಲಿಂಡರಿನ ಮೆರ್ಲಿನ್ ಎಂಜಿನ್ ನಡೆಸುವುದನ್ನು ಕೈಯಿಂದ ಕೈಗೆ ಕಲಿಯಬೇಕು. ಸ್ಪಿಟ್‌ಫೈರ್ ನೆಲದ ಮೇಲೆ ಹೆಚ್ಚು ಹೊತ್ತು ನಿಂತರೆ ಕಾದುಹೋಗುತ್ತದೆ. ಮೂತಿ ಎತ್ತರವಾದ್ದರಿಂದ ಪೈಲಟ್‌ಗೆ ಎದುರಿನದು ಕಾಣುವುದಿಲ್ಲ, ಹಾವಿನಂತೆ ಅತ್ತಿತ್ತ ತಿರುಗಿಸುತ್ತಲೇ ರನ್‌ವೇವರೆಗೆ ಹೋಗಬೇಕು. ಗಾಜಿನ ಹಿಂದೆ ನಿಲ್ಲಿಸಿದ ವಿಮಾನ ಇದನ್ನು ಯಾರಿಗೂ ಕಲಿಸಲಾರದು.

ಆದರೆ ಹಾರಿಸುವುದಕ್ಕೆ ದುಡ್ಡು ಬೇಕು, ಕಾನೂನಿನ ತೊಡಕು ಶುರುವಾಗುವುದು ಅಲ್ಲೇ. ಈ ಫೈಟರ್‌ಗಳು ಇವತ್ತಿನ ನಾಗರಿಕ ವಿಮಾನದ ಮಾನದಂಡಕ್ಕೆ ತಯಾರಾದವಲ್ಲ. ಮಾಲೀಕ ತನ್ನ ಹೊಣೆಯಲ್ಲಿ ಹಾರಿಸಬಹುದು, ಟಿಕೆಟ್ ಮಾರುವಂತಿಲ್ಲ ಎಂಬುದು ಬ್ರಿಟನ್ನಿನ ಹಳೆಯ ನಿಯಮ. 2015ರಲ್ಲಿ ಅಲ್ಲಿನ ವಿಮಾನಯಾನ ಪ್ರಾಧಿಕಾರ ಒಂದು ದಾರಿ ತೆರೆಯಿತು. ಇದು ಪ್ರಯಾಣಿಕ ವಿಮಾನದಷ್ಟು ಸುರಕ್ಷಿತವಲ್ಲ ಎಂದು ಹತ್ತುವವರಿಗೆ ಬಿಡಿಸಿ ಹೇಳಬೇಕು, ಅವರು ಒಪ್ಪಿ ಸಹಿ ಹಾಕಬೇಕು, ಆಮೇಲೆ ಹತ್ತಬಹುದು. ಈಗ ಗುಡ್‌ವುಡ್, ಬಿಗ್ಗಿನ್ ಹಿಲ್ ಮೊದಲಾದ ಕಡೆ ಅರ್ಧ ಗಂಟೆಯ ಸ್ಪಿಟ್‌ಫೈರ್ ಹಾರಾಟಕ್ಕೆ ಸುಮಾರು 3,000 ಪೌಂಡ್, ಅಂದರೆ ಮೂರು ಲಕ್ಷ ರೂಪಾಯಿಗೂ ಮೇಲೆ. ಅಮೆರಿಕದಲ್ಲಿ 1990ರ ದಶಕದಿಂದಲೇ ಕೆಲವು ಸಂಸ್ಥೆಗಳಿಗೆ ವಿಶೇಷ ವಿನಾಯಿತಿ ಸಿಕ್ಕಿತ್ತು.

ನಡುವೆ ಸಾವುಗಳೂ ಆದವು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್ ಏರ್‌ಶೋದಲ್ಲಿ ಹಂಟರ್ ಜೆಟ್ ರಸ್ತೆಗೆ ಬಿದ್ದು, ನೆಲದ ಮೇಲಿದ್ದ 11 ಜನ ತೀರಿಕೊಂಡರು. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ದುಡ್ಡು ಕೊಟ್ಟವರನ್ನು ಹತ್ತಿಸಿಕೊಂಡಿದ್ದ ಬಿ-17 ಬಾಂಬರ್ ಇಳಿಯುವಾಗ ಅಪಘಾತವಾಗಿ 7 ಜನ ಹೋದರು. 2022ರ ನವೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಎರಡು ಹಳೆಯ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 6 ಜನ ಸತ್ತರು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆಯ ನೆನಪಿನ ದಳದ ಸ್ಪಿಟ್‌ಫೈರ್ ಒಂದು ಬಿದ್ದು ಪೈಲಟ್ ತೀರಿಕೊಂಡರು. ಪ್ರತಿ ಸಲವೂ ಇವನ್ನು ನೆಲದಲ್ಲೇ ನಿಲ್ಲಿಸಿ ಎಂಬ ಮಾತು ಏಳುತ್ತದೆ, ನಿಯಮ ಬಿಗಿಯಾಗುತ್ತದೆ. ತಿಳಿದು ಹತ್ತಿದವರ ಅಪಾಯ ಬೇರೆ, ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರ ಅಪಾಯ ಬೇರೆ. ಎರಡನೆಯದಕ್ಕೆ ಎಷ್ಟು ಬಿಗಿ ಮಾಡಿದರೂ ಸರಿಯೇ. ಮೊದಲನೆಯದನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣದು. ಆದರೆ ಹತ್ತುವವರಿಗೆ ಹೇಳುವುದನ್ನು ಪೂರ್ತಿ ಹೇಳಬೇಕು, ಎಂಜಿನ್ನಿನ ನಿಗಾ ಕಾಗದದ ಮೇಲೆ ಮಾತ್ರ ಇರಬಾರದು.

ಭಾರತದಲ್ಲಿ ಈ ಚರ್ಚೆಯೇ ಹುಟ್ಟಿಲ್ಲ, ಹತ್ತಿಸುವವರೇ ಇಲ್ಲದ್ದರಿಂದ. ವಾಯುಪಡೆ 1980ರ ದಶಕದಲ್ಲಿ ಒಂದು ಸ್ಪಿಟ್‌ಫೈರನ್ನು ಹಾರಿಸಿತ್ತು. ಅದೀಗ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ನಿಂತಿದೆ. ಟೈಗರ್ ಮಾತ್, ಹಾರ್ವರ್ಡ್ ತರಬೇತಿ ವಿಮಾನಗಳಿಗೆ ಆಮೇಲೆ ಮರುಜೀವ ಕೊಟ್ಟರು. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ತಮ್ಮ ಖರ್ಚಿನಲ್ಲಿ ಸರಿಮಾಡಿಸಿ ಕೊಟ್ಟ ಡಕೋಟಾ ಸಾಗಣೆ ವಿಮಾನ 2018ರಲ್ಲಿ ಇಂಗ್ಲೆಂಡಿನಿಂದ ಹಾರಿಬಂದು ‘ಪರಶುರಾಮ’ ಎಂಬ ಹೆಸರು ಪಡೆಯಿತು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಒಬ್ಬ ಮಗನ ಅಕ್ಕರೆಯಿಂದ ಇಷ್ಟಾಗಿದೆ. ಹಾರುವ ಫೈಟರ್ ಮಾತ್ರ ಇನ್ನೂ ಇಲ್ಲ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸೈವೆಲ್‌ನಿಂದ ಮತ್ತೆ ಮೇಲೇರಿದ ಟೆಂಪೆಸ್ಟ್, ಹಿಂದೆ ನಮ್ಮ ವಾಯುಪಡೆಯಲ್ಲಿ ಎಚ್‌ಎ586 ಎಂಬ ನಂಬರು ಹೊತ್ತಿದ್ದದ್ದು.

ಇಂಗ್ಲೆಂಡಿನಲ್ಲಿ ಜನ ಮೂರು ಲಕ್ಷ ಕೊಟ್ಟು ಕೂರುವುದು ಸ್ಪಿಟ್‌ಫೈರಿನ ಹಿಂದಿನ ಸೀಟಿನಲ್ಲಿ. ಮೂಲ ಸ್ಪಿಟ್‌ಫೈರಿಗೆ ಆ ಸೀಟು ಇರಲಿಲ್ಲ. ಯುದ್ಧದ ನಂತರ ತಯಾರಕರು, ಹೊಸ ಪೈಲಟ್‌ಗಳ ತರಬೇತಿಗೆಂದು, ಟಿ-9 ಎಂಬ ಎರಡು ಸೀಟಿನ 20 ವಿಮಾನಗಳನ್ನು ಮಾಡಿ ಹೊರದೇಶಗಳಿಗೆ ಮಾರಿದರು. ಐರ್ಲೆಂಡ್ 6 ಕೊಂಡಿತು. ಅವುಗಳಲ್ಲಿ ಕೆಲವು ಇವತ್ತಿಗೂ ಜನರನ್ನು ಹತ್ತಿಸಿಕೊಂಡು ಹಾರುತ್ತಿವೆ. ಎಲ್ಲರಿಗಿಂತ ಹೆಚ್ಚು ಕೊಂಡದ್ದು ಭಾರತ, 10.